ತುಕ್ರನ ಕನಸಿನ ಭಾಷೆ

ಲೋಕದಲ್ಲಿ ಪ್ರಶ್ನೆ ಕೇಳುವವರು, ಉತ್ತರ ಹೇಳುವವರು ಎಂದು ಎರಡು ಜಾತಿ ಇದ್ದರೆ ತುಕ್ರ ಮೊದಲನೆಯ ಜಾತಿಯವನು. ಕೊಟ್ಟಾರದ ಒಂದು ಆಫೀಸು ಕಟ್ಟಡದ ಗೇಟಿನಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ರಾತ್ರಿ ಕಾವಲಿಗೆ ಕೂತವನು. "ಯಾರು? ಎಲ್ಲಿಂದ? ಯಾರನ್ನು ನೋಡ್ಲಿಕ್ಕೆ?" ಎಂಬ ಮೂರು ಪ್ರಶ್ನೆಗಳನ್ನು ಅವನು ಎಷ್ಟು ಸಾವಿರ ಜನರಿಗೆ ಕೇಳಿದ್ದಾನೋ ದೇವರಿಗೇ ಗೊತ್ತು. ತಿರುಗಿ ಅವನನ್ನು ಮಾತ್ರ ಯಾರೂ ಏನನ್ನೂ ಕೇಳಿರಲಿಲ್ಲ.

ಹಾಗಾಗಿ ಫೆಬ್ರವರಿಯ ಆ ಗುರುವಾರ ಬೆಳಿಗ್ಗೆ, ಡ್ಯೂಟಿ ಮುಗಿಸಿ ಶಕ್ತಿನಗರದ ತನ್ನ ಕೋಣೆಗೆ ಬಂದು, ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಇನ್ನೇನು ಚಾಪೆ ಬಿಡಿಸಬೇಕು ಎನ್ನುವಾಗ ಜನಗಣತಿಯ ಯಶ್ಮಿತಾ ಟೀಚರ್ ಬಾಗಿಲಲ್ಲಿ ಬಂದು ನಿಂತದ್ದು ಅವನಿಗೆ ಅರ್ಧ ಕನಸಿನ ಹಾಗೆಯೇ ಕಂಡಿತು. ರಾತ್ರಿಯಿಡೀ ಎಚ್ಚರ ಇರುವವನಿಗೆ ಹಗಲೆಲ್ಲ ಹೀಗೆಯೇ. ಬಿಸಿಲು ಮಂಜಿನ ಹಾಗೆ ಕಾಣುತ್ತದೆ, ಬಜಪೆಗೆ ಇಳಿಯುವ ವಿಮಾನದ ಸದ್ದು ಜೋಗುಳದ ಹಾಗೆ ಕೇಳುತ್ತದೆ. ಟೀಚರು ಕೇಳಿದ ಮೊದಲ ಕೆಲವು ಪ್ರಶ್ನೆಗಳನ್ನು ಅವನು ಆಕಳಿಸುತ್ತಲೇ ದಾಟಿದ. ಹೆಸರು ತುಕ್ರ. ಮದುವೆ ಇಲ್ಲ. ವಯಸ್ಸು ಐವತ್ತು ಎಂದು ಪಕ್ಕದ ಮನೆಯ ಹೇಮಕ್ಕ ಹೇಳುತ್ತಾರೆ.

"ಮಾತೃಭಾಷೆ?" ಎಂದರು ಟೀಚರು, ಫೋನಿನ ಪರದೆಯ ಮೇಲೆ ಬೆರಳು ಇಟ್ಟುಕೊಂಡು.

"ಇರಬೇಕಲ್ಲ ಟೀಚರ್, ಎಂತಾದರೂ ಒಂದು."

"ಎಂತಾದರೂ ಒಂದು ಅಂತ ಹಾಕ್ಲಿಕ್ಕೆ ಆಗುವುದಿಲ್ಲ. ಸಣ್ಣದಿರುವಾಗ ನಿಮ್ಮ ತಾಯಿ ನಿಮ್ಮ ಹತ್ತಿರ ಯಾವ ಭಾಷೆಯಲ್ಲಿ ಮಾತಾಡ್ತಿದ್ರು?"

"ಅವರು ಮಾತಾಡ್ಲಿಲ್ಲ ಟೀಚರ್. ತೀರಿಹೋದ್ರು."

ಟೀಚರಿಗೆ ಪಾಪ ಎನಿಸಿತು. ಚೀಲದಿಂದ ಸೂಚನೆಗಳ ಪುಸ್ತಕ ತೆಗೆದು ಪುಟ ಮಗುಚಿದರು. ತಾಯಿ ಎಳವೆಯಲ್ಲೇ ತೀರಿಹೋಗಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆಯನ್ನು ಬರೆಯಬೇಕು ಎಂದು ಅದರಲ್ಲಿತ್ತು.

"ಹಾಗಾದ್ರೆ ಸುಲಭ ಉಂಟು. ನಿಮ್ಮ ಮನೆಯಲ್ಲಿ ಯಾವ ಭಾಷೆ?"

"ಯಾವ ಮನೆಯಲ್ಲಿ?" ಎಂದು ಕೇಳಿದ ತುಕ್ರ.

ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಐವತ್ತು ವರ್ಷದ ಹಿಂದೆ ಹಂಚಿನ ಕಾರ್ಖಾನೆಯ ಕೆಲಸಕ್ಕೆಂದು ಒಬ್ಬ ಹೆಂಗಸು ಎಂಟು ತಿಂಗಳ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಈ ಕಂಪೌಂಡಿಗೆ ಬಂದಿದ್ದಳು. ಬೆಳಕು ಹರಿಯುವ ಮೊದಲು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಯಾವ ಊರು, ಯಾರ ಪೈಕಿ ಎಂದು ನೆರೆಯವರು ವಿಚಾರಿಸುವಷ್ಟರಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಉಳಿದದ್ದು ಮಗು. ಅದನ್ನು ಯಾರೂ ಸಾಕುತ್ತೇನೆ ಎನ್ನಲಿಲ್ಲ, ಬಿಡುತ್ತೇನೆ ಎಂದೂ ಹೇಳಲಿಲ್ಲ. ಬೆಳಿಗ್ಗೆ ಹೇಮಕ್ಕನ ಅಮ್ಮ ಬೀಡಿ ಕಟ್ಟುವಾಗ ಅವರ ಸೂಪಿನ, ಎಂದರೆ ಎಲೆ ತುಂಬಿದ ಮೊರದ ಪಕ್ಕದಲ್ಲಿ ಮಲಗುತ್ತಿತ್ತು. ಮಧ್ಯಾಹ್ನ ಎದುರುಮನೆಯ ಒಲಿಂಡಾ ಬಾಯಿ ಎತ್ತಿಕೊಂಡು ಹೋಗಿ ಗಂಜಿ ತಿನ್ನಿಸುತ್ತಿದ್ದರು. ರಾತ್ರಿ, ಆಗ ಹೊಸ ಬಾಣಂತಿಯಾಗಿದ್ದ ಸುಹರಮ್ಮನ ಮಗ್ಗುಲಿನಲ್ಲಿ ಅವರ ಮಗ ಸಲಾಮನ ಜೊತೆ ಮಲಗುತ್ತಿತ್ತು. ಬೆಳಿಗ್ಗೆ ತುಳು, ಮಧ್ಯಾಹ್ನ ಕೊಂಕಣಿ, ರಾತ್ರಿ ಬ್ಯಾರಿ. ಹೀಗೆ ಬೆಳೆದವನಿಗೆ ಭಾಷೆ ಎನ್ನುವುದು ಬಿಸಿಲು ನೆರಳಿನ ಹಾಗೆ ಹೊತ್ತಿಗೆ ಸರಿಯಾಗಿ ಬದಲಾಗುವ ಒಂದು ಸಂಗತಿಯಾಗಿತ್ತು, ಅಷ್ಟೆ.

ಈಗಲೂ ಅವನ ಊಟದ ವ್ಯವಸ್ಥೆ ಅದೇ ಪ್ರಕಾರ ನಡೆಯುತ್ತಿತ್ತು. ಸೋಮವಾರ ಮಂಗಳವಾರ ಹೇಮಕ್ಕನ ಮನೆ. ಬುಧವಾರ ಗುರುವಾರ ಒಲಿಂಡಾ ಬಾಯಿಯ ಮಗ ರುಡೊಲ್ಫ್ ಪೊರ್ಬುಗಳ ಮನೆ. ಶುಕ್ರವಾರ ಶನಿವಾರ ಸುಹರಮ್ಮನ ಮನೆ. ಭಾನುವಾರ ಯಾರ ಮನೆಯಲ್ಲಿ ಕೋಳಿಯೋ ಅವರ ಮನೆ.

ಇಷ್ಟೆಲ್ಲ ಇರುವಾಗ ಬುದ್ಧಿವಂತನಾದರೆ ಬಾಯಿಗೆ ಬಂದ ಒಂದು ಭಾಷೆ ಹೇಳಿ, ಬಾಗಿಲು ಹಾಕಿ ಮಲಗುತ್ತಿದ್ದ. ತುಕ್ರ ಮಾಡಿದ ತಪ್ಪೆಂದರೆ, "ಚೂರು ಕೇಳಿ ಬರ್ತೇನೆ ಟೀಚರ್" ಎಂದು ಬಾವಿಕಟ್ಟೆಯ ಕಡೆ ಹೋದದ್ದು. ಕೆಲವು ಪ್ರಶ್ನೆಗಳನ್ನು ಪ್ರಾಣ ಹೋದರೂ ನೆರೆಮನೆಗೆ ಒಯ್ಯಬಾರದು.

"ತುಳು!" ಎಂದರು ಹೇಮಕ್ಕ, ಕೊಡಪಾನ ಇಳಿಸುವ ಮೊದಲೇ. ಅರವತ್ತಾರು ವರ್ಷದ ಹೇಮಾಕ್ಷಿಯವರ ಗಂಟಲಿಗೆ ಮೈಕಿನ ಅಗತ್ಯ ಯಾವತ್ತೂ ಬಿದ್ದಿಲ್ಲ. "ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಮಾರಾಯ? ಶುಕ್ರವಾರ ನಮ್ಮ ಕೈಗೆ ಬಂದವ ಅಂತ ತುಕ್ರ ಅಂತ ಹೆಸರಿಟ್ಟದ್ದೇ ನನ್ನ ಅಮ್ಮ. ಟೀಚರ್, ಬರ್ಕೊಳ್ಳಿ. ತುಳು."

ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದ ಸುಹರಮ್ಮ ಅಲ್ಲಿಂದಲೇ ಕತ್ತು ಹೊರಳಿಸಿದರು. "ಹೆಸರು ಇಟ್ಟರೆ ಆಯ್ತಾ? ಹೊಟ್ಟೆಗೆ ಹಾಕಿದ್ದು ಯಾರು? ನನ್ನ ಸಲಾಮನ ಪಾಲಿನ ಹಾಲು ಕುಡಿದವ ಇವ. ಟೀಚರ್, ನೀವೇ ಹೇಳಿ. ಹಾಲು ಬ್ಯಾರಿ ಅಲ್ವಾ?"

"ಹಾಲಿಗೆ ಕಾಲಂ ಇಲ್ಲ," ಎಂದರು ಟೀಚರು.

ಇಷ್ಟು ಹೊತ್ತಿಗೆ ಎದುರುಮನೆಯ ಜಗಲಿಯಿಂದ ರುಡೊಲ್ಫ್ ಪೊರ್ಬುಗಳು ಬರ್ಮುಡಾದಲ್ಲೇ ಇಳಿದು ಬಂದರು. ಮೂವತ್ತು ವರ್ಷ ಕುವೈತಿನಲ್ಲಿ ಇದ್ದು ಬಂದವರು. ಯಾವ ವಿಷಯದಲ್ಲಿಯೂ ಅಭಿಪ್ರಾಯ ಇಲ್ಲದೆ ಇದ್ದವರಲ್ಲ. "ನೋಡಿ ಟೀಚರ್, ಇಂಥದ್ದರಲ್ಲಿ ಮಗುವಿನ ಮೊದಲ ಮಾತು ಮುಖ್ಯ. ಇವ ಮೊದಲು ಹೇಳಿದ್ದು ಪೇಜ್ ಅಂತ. ಪೇಜ್ ಅಂದ್ರೆ ನಮ್ಮಲ್ಲಿ ಗಂಜಿ. ಮಮ್ಮಿ ಸಾಯುವವರೆಗೂ ಅದನ್ನೇ ಹೇಳ್ತಿದ್ರು. ಶುದ್ಧ ಕೊಂಕಣಿ."

"ಹಸಿದ ಮಗು ಏನಾದ್ರೂ ಹೇಳ್ತದೆ ಪೊರ್ಬುಲೆ," ಎಂದರು ಹೇಮಕ್ಕ. "ಅದಕ್ಕೆಲ್ಲ ಲೆಕ್ಕ ಉಂಟಾ? ನಮ್ಮ ಭಾಷೆಗೆ ದೆಹಲಿಯಲ್ಲಿ ಮಾನ್ಯತೆ ಸಿಗ್ಬೇಕಾದ್ರೆ ಒಂದೊಂದು ತಲೆಯೂ ಬೇಕು ಅಂತ ಸಂಘದವರು ಹೇಳಿ ಹೋಗಿದ್ದಾರೆ."

"ನಮ್ಮ ಭಾಷೆಯವರು ಇರುವುದೇ ನಾಲ್ಕು ಜನ. ಅದರಿಂದಲೂ ಒಬ್ಬನನ್ನು ಕಿತ್ತುಕೊಳ್ಳುವುದಾ?" ಎಂದರು ಸುಹರಮ್ಮ.

"ನಮ್ಮ ಮಕ್ಕಳೆಲ್ಲ ಕೆನಡಾದಲ್ಲಿ ಕೂತಿದ್ದಾರೆ. ಇಲ್ಲಿ ಉಳಿದವರನ್ನಾದ್ರೂ ನಾವು ಲೆಕ್ಕಕ್ಕೆ ಹಿಡೀಬೇಡ್ವಾ?" ಎಂದರು ಪೊರ್ಬುಗಳು.

ಮೂವರೂ ಹಾಲು, ಮೊಸರು, ಸಾಸಿವೆ ಎಂದು ದಿನಕ್ಕೆ ಹತ್ತು ಸಲ ಒಬ್ಬರ ಮನೆಗೊಬ್ಬರು ಹೋಗುವವರು. ಅವರ ಮಾತೆಲ್ಲ ಸಾಮಾನ್ಯವಾಗಿ ತುಳುವಿನಲ್ಲಿ. ಇವತ್ತು ಸರಕಾರದ ಚೀಲ ಹಾಕಿಕೊಂಡ ಟೀಚರು ನಡುವೆ ನಿಂತಿದ್ದರಿಂದ ಜಗಳವೂ ಸರಕಾರಿ ರೀತಿಯಲ್ಲೇ ಇರಲಿ ಎಂಬಂತೆ ಕನ್ನಡದಲ್ಲಿ ನಡೆಯಿತು. ಕನ್ನಡದ ಪರವಾಗಿ ಮಾತ್ರ ಅಲ್ಲಿ ಯಾರೂ ವಾದಿಸಲಿಲ್ಲ. ಅದಕ್ಕೆ ಪಾಪ, ಉಳಿದವರ ವಾದವನ್ನೆಲ್ಲ ಹೊರುವ ಕೆಲಸವೇ ಸಾಕಷ್ಟಿತ್ತು.

"ಟೀಚರ್, ನಿಮ್ಮದು ಯಾವ ಭಾಷೆ?" ಎಂದು ಹೇಮಕ್ಕ ನಯವಾಗಿ ಕೇಳಿದರು.

"ಡ್ಯೂಟಿಯಲ್ಲಿರುವಾಗ ನನಗೆ ಭಾಷೆ ಇಲ್ಲ," ಎಂದರು ಯಶ್ಮಿತಾ ಟೀಚರು. ಅವರು ಇಂಥ ಗುಂಡಿಗೆ ಬೀಳುವವರಲ್ಲ. "ನೋಡಿ, ಇದು ದೇಶ ಕಟ್ಟುವ ಕೆಲಸ. ತುಕ್ರಣ್ಣ ಏನು ಹೇಳ್ತಾರೋ ಅದನ್ನು ವಾದ ಮಾಡದೆ ಬರ್ಕೊಳ್ಬೇಕು ಅಂತ ರೂಲ್ಸ್ ಉಂಟು. ಹೇಳಿ ತುಕ್ರಣ್ಣ. ಒಂದೇ ಹೇಳ್ಬೇಕು."

ಮೂವರೂ ತುಕ್ರನನ್ನು ನೋಡಿದರು. "ಹೇಳು ಹೇಳು," ಎಂದರು ಹೇಮಕ್ಕ. "ಬೇರೆ ಹೇಳಿದ್ರೆ ಮತ್ತೆ ಹೇಮಕ್ಕ ಅಂತ ಈ ಮೆಟ್ಟಿಲು ಹತ್ತಬೇಡ." ಸುಹರಮ್ಮ ತಲೆಯ ಮೇಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಅದು ಇನ್ನೂ ಕಷ್ಟದ್ದು. "ನಾನು ಫೋರ್ಸ್ ಮಾಡುವುದಿಲ್ಲ," ಎಂದರು ಪೊರ್ಬುಗಳು. "ಆದ್ರೆ ಮಮ್ಮಿಯ ಸಮಾಧಿಗೆ ಹೂ ಇಡ್ಲಿಕ್ಕೆ ಯಾವ ಮುಖದಲ್ಲಿ ಬರ್ತಿ, ಯೋಚನೆ ಮಾಡು."

ತುಕ್ರ ಮೂರೂ ಮನೆಗಳ ಬಾಗಿಲನ್ನು ಒಂದೊಂದಾಗಿ ನೋಡಿದ. ಊಟ ತಪ್ಪಿದರೆ ತಪ್ಪಲಿ, ಕೊಟ್ಟಾರದಲ್ಲಿ ಹೋಟೆಲುಗಳಿಗೆ ಬರವಿಲ್ಲ. ಆದರೆ ಈ ಮೂರು ಬಾಗಿಲು ಸೇರಿದರೆ ಮಾತ್ರ ಅವನಿಗೊಂದು ಮನೆ. ಒಂದನ್ನು ಇಟ್ಟುಕೊಂಡು ಎರಡನ್ನು ಮುಚ್ಚಿಸಿದರೆ ಅವನು ಎಂಟು ತಿಂಗಳ ಅದೇ ಮಗು. ಅದಕ್ಕಿಂತಲೂ ಒಳಗೆ ಇನ್ನೊಂದು ಮುಳ್ಳು ಚುಚ್ಚತೊಡಗಿತ್ತು. ಹೆತ್ತವಳು ಹೇಗೆ ಮಾತಾಡುತ್ತಿದ್ದಳು? ತನ್ನನ್ನು ಏನೆಂದು ಕರೆಯುತ್ತಿದ್ದಳು? ಗೇಟಿಗೆ ಬಂದವರನ್ನೆಲ್ಲ ಎಲ್ಲಿಂದ ಎಂದು ಕೇಳಿದವನು ಐವತ್ತು ವರ್ಷದಲ್ಲಿ ಈ ಒಂದು ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿರಲಿಲ್ಲ.

"ನನಗೆ ನಿದ್ದೆ ಬರ್ತದೆ," ಎಂದ ಕೊನೆಗೆ.

"ನಿದ್ದೆ!" ಪೊರ್ಬುಗಳು ಚಪ್ಪಾಳೆ ಹೊಡೆದರು. "ಅದೇ ದಾರಿ! ಮೊನ್ನೆ ವಾಟ್ಸಾಪಿನಲ್ಲಿ ಬಂದಿತ್ತು. ಎಚ್ಚರ ಇರುವಾಗ ಮನುಷ್ಯ ಯಾವ ಭಾಷೆಯಲ್ಲಾದ್ರೂ ಸುಳ್ಳು ಹೇಳಬಹುದು. ಕನಸಿನಲ್ಲಿ ಯಾವುದರಲ್ಲಿ ಮಾತಾಡ್ತಾನೋ ಅದೇ ಅಸಲು ಮಾತೃಭಾಷೆ. ದೊಡ್ಡ ದೊಡ್ಡ ವಿಜ್ಞಾನಿಗಳು ಹೇಳಿದ್ದು."

"ಅದು ಹೌದು," ಎಂದರು ಹೇಮಕ್ಕ. "ಇವ ನಿದ್ದೆಯಲ್ಲಿ ಗುಣುಗುಣು ಮಾಡುವುದು ಬೀಡಿ ಕಟ್ಟುವಾಗ ನನಗೆ ಗೋಡೆಯಾಚೆ ಕೇಳ್ತದೆ. ಎಂತ ಹೇಳ್ತಾನೆ ಅಂತ ಗೊತ್ತಾಗುವುದಿಲ್ಲ, ಅಷ್ಟೆ."

ಸುಹರಮ್ಮನಿಗೂ ಒಪ್ಪಿಗೆಯಾಯಿತು; ಹಾಲು ಕನಸಿನಲ್ಲಿ ಸುಳ್ಳಾಡಲಾರದು ಎಂಬ ಧೈರ್ಯ ಅವರಿಗಿತ್ತು. ಟೀಚರು ಎರಡು ಕೈ ಜೋಡಿಸಿ, ಉಳಿದ ಮನೆಗಳನ್ನು ಮುಗಿಸಿ ಹನ್ನೆರಡೂವರೆಗೆ ಬರುತ್ತೇನೆ, ಅಷ್ಟರೊಳಗೆ ಮಲಗಿಸಿ ಇಡಿ ಎಂದು ಹೊರಟುಹೋದರು.

ಸ್ಥಳದ ವಿಷಯದಲ್ಲಿ ಮೊದಲ ತಕರಾರು ಬಂತು. ತುಕ್ರನ ಕೋಣೆಯ ಒಂದು ಗೋಡೆ ಹೇಮಕ್ಕನದ್ದು, ಇನ್ನೊಂದು ಗೋಡೆ ಸುಹರಮ್ಮನದ್ದು. ಪೊರ್ಬುಗಳಿಗೆ ಅನ್ಯಾಯ. ಆದ್ದರಿಂದ ಜಗಲಿಯಲ್ಲಿದ್ದ ಒಂದು ಹಳೆಯ ಮಂಚವನ್ನು ಅಂಗಳಕ್ಕೆ ಎಳೆದು, ಯಾರಿಗೂ ಸೇರದ ಮಾವಿನ ಮರದ ಅಡಿಯಲ್ಲಿ ಹಾಕಲಾಯಿತು. ಮರದ ತುಂಬ ಹೂವು. ಗಾಳಿ ಬಂದಾಗಲೆಲ್ಲ ಸಣ್ಣ ಸಣ್ಣ ಹೂಗಳು ತುಕ್ರನ ಎದೆಯ ಮೇಲೆ ಉದುರುತ್ತಿದ್ದವು. ಸುತ್ತ ಮೂರು ಪ್ಲಾಸ್ಟಿಕ್ ಕುರ್ಚಿ. ತಲೆಯ ಬಳಿ ರೆಕಾರ್ಡಿಂಗಿಗೆ ಇಟ್ಟ ಪೊರ್ಬುಗಳ ಫೋನು.

ನಿಂತಲ್ಲಿ, ಕೂತಲ್ಲಿ, ಬಸ್ಸಿನ ಕಂಬಿ ಹಿಡಿದಲ್ಲಿ ನಿದ್ದೆ ಹೋಗುತ್ತಿದ್ದ ತುಕ್ರನಿಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಮೂರು ಜನ ತನ್ನ ತುಟಿಯನ್ನೇ ನೋಡುತ್ತಿರುವುದು ರೆಪ್ಪೆಯ ಒಳಗಿನಿಂದಲೂ ಕಾಣಿಸುತ್ತಿತ್ತು.

ಹೇಮಕ್ಕ ಒಂದು ಚೆಂಬು ಮಜ್ಜಿಗೆ ತಂದು ಕುಡಿಸಿದರು. ಅದರ ಮೇಲೆ ಸುಹರಮ್ಮ ಏಲಕ್ಕಿ ಹಾಕಿದ ಬಿಸಿ ಹಾಲು ಕುಡಿಸಿದರು. ಅದರ ಮೇಲೆ ಪೊರ್ಬುಗಳು ಔಷಧಿಯೆಂದು ಒಂದು ಪೆಗ್ ಕುಡಿಸಿದರು. ಮಜ್ಜಿಗೆ, ಹಾಲು, ಬ್ರಾಂಡಿ ಮೂರೂ ತುಕ್ರನ ಹೊಟ್ಟೆಯೊಳಗೆ ತಮ್ಮ ತಮ್ಮ ಮಾನ್ಯತೆಗಾಗಿ ಹೋರಾಟ ಸುರು ಮಾಡಿದವು. ನಿದ್ದೆ ಮಾತ್ರ ಬರಲಿಲ್ಲ.

ಸುಹರಮ್ಮ ಅಭ್ಯಾಸಬಲದಿಂದ ಅವನ ಹಣೆ ತಟ್ಟುತ್ತ ಮೆಲ್ಲಗೆ ಗುನುಗತೊಡಗಿದರು.

"ಅಬ್ಜೆಕ್ಷನ್!" ಎಂದು ಪೊರ್ಬುಗಳು ಎದ್ದುನಿಂತರು. "ಜೋಗುಳ ಹೇಳ್ಲಿಕ್ಕಿಲ್ಲ. ಅದು ಪ್ರಚಾರ ಆಗ್ತದೆ."

"ನಾನು ಬಾಯಿ ಬಿಟ್ಟೇ ಇಲ್ಲ ಮಾರಾಯ್ರೆ."

"ರಾಗವೂ ಬ್ಯಾರಿಯೇ."

ಹೀಗೆ ಹೊತ್ತು ಏರುತ್ತ ಹೋಯಿತು. ಟೀಚರು ವಾಪಸು ಬಂದಾಗ ತುಕ್ರ ಕಣ್ಣು ಬಿಟ್ಟುಕೊಂಡು ಮಾವಿನ ಹೂಗಳನ್ನು ಎಣಿಸುತ್ತಿದ್ದ. ಬಿಸಿಲಿಗೆ ಬೆಂದು ಬಂದಿದ್ದ ಅವರು ಮೆಟ್ಟಿಲ ಮೇಲೆ ಕೂತು, ಇಂಥ ಸಂದರ್ಭಕ್ಕೆ ಏನಾದರೂ ನಿಯಮ ಇದೆಯೇ ನೋಡೋಣವೆಂದು ಸೂಚನೆಗಳ ಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದರು. "ಗಣತಿದಾರರು ಸದರಿ ಮಾಹಿತಿಯನ್ನು ಸದರಿ ವ್ಯಕ್ತಿಯಿಂದಲೇ ಪಡೆಯತಕ್ಕದ್ದು. ಸದರಿ ವ್ಯಕ್ತಿಯು ಲಭ್ಯವಿಲ್ಲದ ಪಕ್ಷದಲ್ಲಿ, ಮೇಲೆ ತಿಳಿಸಲಾದ ಕ್ರಮದನ್ವಯ, ಸದರಿ ಕುಟುಂಬದ..."

ಎರಡನೆಯ ಪುಟಕ್ಕೆ ತುಕ್ರನ ರೆಪ್ಪೆ ಇಳಿಯಿತು. ಮೂರನೆಯ ಪುಟಕ್ಕೆ ಗೊರಕೆ ಬಂತು. ಮಜ್ಜಿಗೆ, ಹಾಲು, ಬ್ರಾಂಡಿಯಿಂದ ಆಗದ ಕೆಲಸವನ್ನು ಸರಕಾರಿ ಕನ್ನಡ ನಾಲ್ಕು ನಿಮಿಷದಲ್ಲಿ ಮಾಡಿ ಮುಗಿಸಿತ್ತು.

ಕನಸಿನಲ್ಲಿ ತುಕ್ರ ಗೇಟಿನಲ್ಲೇ ಇದ್ದ. ಆದರೆ ಗೇಟು ಸಮುದ್ರದಷ್ಟು ಅಗಲವಾಗಿತ್ತು. ಅದರ ಹಿಂದೆ ಒಂದು ಮನೆ ಏಳುತ್ತಿತ್ತು. ಎಷ್ಟು ದೊಡ್ಡ ಮನೆಯೆಂದರೆ ಅದರ ಆಚೆಯ ಗೋಡೆ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಗೋಡೆಗಳಿದ್ದವು, ಮೇಲೆ ಹಂಚಿನ ಮಾಡು ಇನ್ನೂ ಆಗಿರಲಿಲ್ಲ. ಗುಡ್ಡಗಳಿಂದ, ಮರಳುಗಾಡಿನಿಂದ, ಹಿಮದ ಊರುಗಳಿಂದ ಜನ ತಲೆಯ ಮೇಲೆ ಒಂದೊಂದು ಹಂಚು ಹೊತ್ತುಕೊಂಡು ಸಾಲಾಗಿ ಬರುತ್ತಿದ್ದರು. ತುಕ್ರ ರಿಜಿಸ್ಟರು ಹಿಡಿದು ಯಾರು, ಎಲ್ಲಿಂದ ಎಂದು ಕೇಳುತ್ತಿದ್ದ. ಅವರು ತಮ್ಮ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಮಳೆ ಬಂದದ್ದು ಅರ್ಥವಾಗುವ ಹಾಗೆ ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು.

ಆಮೇಲೆ ಕೂದಲಲ್ಲಿ ಕೆಂಪು ಧೂಳು ತುಂಬಿದ ಒಬ್ಬ ಹೆಂಗಸು ಬಂದಳು. ಅವಳು ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದಳು, ಊಟದ ಹೊತ್ತಿಗೆ ಮಗುವಿನ ಪುಸ್ತಕ ಮುಚ್ಚುವ ಹಾಗೆ. ಯಾರು ಎಂದು ತುಕ್ರ ಕೇಳಲಿಲ್ಲ. ಅವಳು ಅವನ ಗಲ್ಲ ಮುಟ್ಟಿ ಏನೋ ಹೇಳಿ, ಹಂಚನ್ನೆತ್ತಿಕೊಂಡು ಏಣಿಯ ಕಡೆ ಹೊರಟಳು. ಅವನು ಹಿಂದೆಯೇ ಓಡಿದ. ಎಲ್ಲಿಗೆ ಹೋಗ್ತಿ ಎಂದು ಕೇಳಿದ. ನಿನ್ನನ್ನು ನೋಡಬೇಕು ಅಂತ ಎಷ್ಟು ಆಸೆಯಿತ್ತು ಎಂದ. ಯಾವ ಭಾಷೆಯಲ್ಲಿ ಎಂದರೆ ಅವನಿಗೆ ಗೊತ್ತಿಲ್ಲ. ಕನಸಿನೊಳಗೆ ಅದನ್ನು ಯಾರೂ ಕೇಳುವುದಿಲ್ಲ. ಅವಳು ತಿರುಗಿ ಅದೇ ಮಾತಿನಲ್ಲಿ ಉತ್ತರ ಕೊಟ್ಟಳು.

ಮಾವಿನ ಮರದ ಅಡಿಯಲ್ಲಿ ತುಕ್ರನ ತುಟಿಗಳು ಅಲ್ಲಾಡಿದವು. ನಾಲ್ಕು ತಲೆಗಳು ಒಟ್ಟಿಗೆ ಬಾಗಿದವು.

"ಒದಿಗಾ?" ಎಂದ ತುಕ್ರ. ಸ್ವಲ್ಪ ತಡೆದು, ಸ್ಪಷ್ಟವಾಗಿ, ಯಾರೂ ಅವನ ಬಾಯಲ್ಲಿ ಕೇಳಿರದಷ್ಟು ಮೃದುವಾಗಿ, "ಬೊಗೊ ಶಿಪೊಸ್ಸೊ... ಒದಿಗಾ..." ಎಂದ. ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು.

ಪೊರ್ಬುಗಳು ಫೋನನ್ನು ಅವನ ಬಾಯಿಯ ಇನ್ನೂ ಹತ್ತಿರಕ್ಕೆ ಸರಿಸಿದರು.

"ತುಳು ಅಲ್ಲ," ಎಂದರು ಹೇಮಕ್ಕ ಕೊನೆಗೆ. ಅವರ ಗಂಟಲು ಅಷ್ಟು ತಗ್ಗಿದ್ದನ್ನು ಆ ಕಂಪೌಂಡು ಕೇಳಿರಲಿಲ್ಲ.

"ನಮ್ಮದೂ ಅಲ್ಲ," ಎಂದರು ಸುಹರಮ್ಮ.

"ಕೊಂಕಣಿ ಅಲ್ಲ, ಅರಬ್ಬಿ ಅಲ್ಲ, ಮಲಯಾಳ ಅಲ್ಲ. ಕುವೈತಿನಲ್ಲಿ ನಾನು ಕೇಳದ ಭಾಷೆ ಇಲ್ಲ, ಇದನ್ನು ಕೇಳಿಲ್ಲ," ಎಂದ ಪೊರ್ಬುಗಳು ಶಿಲುಬೆಯ ಗುರುತು ಹಾಕಿಕೊಂಡರು. "ಸಾಯ್ಬಾ! ಇದು ಅವನ ತಾಯಿಯ ಭಾಷೆ."

ಅಷ್ಟು ಹೇಳಿದ್ದೇ ತಡ, ಮೂವರಿಗೂ ಐವತ್ತು ವರ್ಷದ ಹಿಂದಿನದ್ದು ಒಂದೊಂದಾಗಿ ನೆನಪಿಗೆ ಬರತೊಡಗಿತು. ಆ ಹೆಂಗಸು ಬಾವಿಕಟ್ಟೆಯಲ್ಲಿ ಕೂತು ಹೀಗೆಯೇ ಏನೋ ಹೇಳುತ್ತಿದ್ದಳೆಂದು ಹೇಮಕ್ಕನಿಗೆ ನೆನಪಾಯಿತು. ಅವಳ ಕಣ್ಣು ಸ್ವಲ್ಪ ಸಣ್ಣದಿತ್ತೆಂದು ಸುಹರಮ್ಮನಿಗೆ ನೆನಪಾಯಿತು. ಅವಳ ಊರಿನಲ್ಲಿ ದೊಡ್ಡ ಪರ್ವತಗಳಿದ್ದವೆಂದು ಮಮ್ಮಿ ಹೇಳಿದ್ದು ಪೊರ್ಬುಗಳಿಗೆ ನೆನಪಾಯಿತು. ಪರ್ವತ ಇದ್ದ ಮೇಲೆ ಹಿಮ ಇರಲೇಬೇಕಲ್ಲ ಎಂದರು ಹೇಮಕ್ಕ. ಹಿಮ ಇದ್ದ ಮೇಲೆ ಕಂಬಳಿ ನೇಯುವವರು ಇರಬೇಕು ಎಂದರು ಸುಹರಮ್ಮ. ಧೈರ್ಯವಂತ ಜನ, ಯಾರಿಗೂ ತಲೆ ಬಾಗಿಸದವರು, ಅವರಿಗೊಬ್ಬ ರಾಜನಿದ್ದಿರಬೇಕು ಎಂದರು ಪೊರ್ಬುಗಳು. ಹತ್ತು ನಿಮಿಷದೊಳಗೆ ಅವರು ತುಕ್ರನಿಗೆ ಪರ್ವತ, ಇತಿಹಾಸ, ಉಡುಪು, ರಾಜವಂಶ ಎಲ್ಲ ಸೇರಿದ ಒಂದು ಇಡೀ ದೇಶವನ್ನು ಕಟ್ಟಿ ನಿಲ್ಲಿಸಿದರು. ದೇಶಗಳು ಬೇರೆ ಕಡೆಯೂ ಹೆಚ್ಚುಕಡಿಮೆ ಹೀಗೆಯೇ ತಯಾರಾಗುತ್ತವೆಯೋ ಏನೋ ಎಂದು ಸಮಾಜ ವಿಜ್ಞಾನ ಕಲಿಸುವ ಯಶ್ಮಿತಾ ಟೀಚರಿಗೆ ಒಂದು ಗಳಿಗೆ ಅನಿಸಿತು.

ಎಚ್ಚರವಾದ ತುಕ್ರನಿಗೆ ಫೋನಿನಲ್ಲಿ ರೆಕಾರ್ಡಾದ ಧ್ವನಿ ಕೇಳಿಸಲಾಯಿತು. "ಇದು ನಾನಾ?" ಎಂದು ಅವನು ಮೂರು ಸಲ ಕೇಳಿದ. ತನ್ನ ಗಂಟಲೊಳಗೆ ಐವತ್ತು ವರ್ಷ ಯಾರೋ ಬೀಗ ಹಾಕಿಟ್ಟ ಒಂದು ಕೋಣೆ ಇತ್ತೆಂದೂ ಇವತ್ತು ಅದು ತೆರೆಯಿತೆಂದೂ ಅವನಿಗೆ ಅನಿಸಿತು. ಹೇಳತೀರದ ಸಂತೋಷವಾಯಿತು. ತನಗೂ ಒಂದು ಊರಿತ್ತು.

"ಬೇಡ ಮಗಾ, ತುಳು ಬೇಡ," ಎಂದರು ಹೇಮಕ್ಕ ಮೂಗು ಒರೆಸಿಕೊಂಡು. "ಹೆತ್ತವಳದ್ದು ಹೆತ್ತವಳಿಗೆ." ಉಳಿದಿಬ್ಬರೂ ತಲೆಯಾಡಿಸಿದರು.

"ಆದ್ರೆ ಭಾಷೆಗೆ ಒಂದು ಹೆಸರು ಬೇಕಲ್ಲ," ಎಂದ ಟೀಚರು ಧ್ವನಿಯನ್ನು ಇನ್ನೊಮ್ಮೆ ಹಾಕಿದರು.

ಆ ಹೊತ್ತಿಗೆ ಸುಹರಮ್ಮನ ಕಿರಿಯ ಸೊಸೆ ಮುಫೀದಾ, ಅಷ್ಟು ಹೊತ್ತೂ ಮಗುವನ್ನು ಮಲಗಿಸುತ್ತ ಒಳಗಿದ್ದವಳು, ತೊಳೆದ ಬಟ್ಟೆಯ ಬಕೆಟ್ ಹಿಡಿದು ಹೊರಗೆ ಬಂದಳು. ಫೋನಿನಿಂದ "ಬೊಗೊ ಶಿಪೊಸ್ಸೊ" ಎಂದು ಬಂದದ್ದೇ ತಡ, ಬಕೆಟ್ ಅಲ್ಲೇ ಇಟ್ಟು ಶಾಲನ್ನು ಬಾಯಿಗೆ ಒತ್ತಿಕೊಂಡಳು. ಹೆಗಲು ಕುಲುಕತೊಡಗಿತು. ಪಾಪ, ಇವಳೂ ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ.

"ಉಮ್ಮಾ," ಎಂದಳು ಅವಳು ಉಸಿರು ಸಿಕ್ಕ ಮೇಲೆ, "ಅದು... ನನ್ನ ಸೀರಿಯಲ್ಲು."

"ಎಂತ ಸೀರಿಯಲ್ಲು?"

"ಕೊರಿಯಾದ್ದು. ಹಗಲಲ್ಲಿ ಮಗು ಮಲಗಿದ ಮೇಲೆ ದಿನಾ ಫೋನಲ್ಲಿ ನೋಡ್ತೇನೆ. ವಿಮಾನದ ಶಬ್ದಕ್ಕೆ ಕೇಳುವುದಿಲ್ಲ ಅಂತ ಚೂರು ಜೋರು ಇಡ್ತೇನೆ. ಗೋಡೆಗೆ ತಾಗಿ ನನ್ನ ಮಂಚ. ಆಚೆ ಬದಿಯಲ್ಲಿ ತುಕ್ರಣ್ಣನ ಚಾಪೆ. ಎರಡು ವರ್ಷದಿಂದ ಕೇಳಿಸಿಕೊಂಡಿದ್ದಾರೆ ಪಾಪ."

ಯಾರೂ ನಂಬಲಿಲ್ಲ. ಅವಳು ತನ್ನ ಫೋನು ತೆಗೆದು, ಹುಡುಕಿ, ಒತ್ತಿದಳು. ವಿಮಾನ ನಿಲ್ದಾಣದಲ್ಲಿ ಚಂದದ ಒಬ್ಬ ಹುಡುಗ ಕಣ್ಣೀರು ಸುರಿಸುತ್ತ ಒಬ್ಬಳ ಹಿಂದೆ ಓಡುತ್ತಿದ್ದ. ತುಕ್ರ ಹೇಳಿದ್ದನ್ನೇ, ಅಷ್ಟೇ ಮೃದುವಾಗಿ, ಹಾಗೆಯೇ ನಡುವೆ ತಡೆದು ಹೇಳಿದ.

ಮೊದಲು ನಕ್ಕವರು ಹೇಮಕ್ಕ. ಅವರು ನಕ್ಕ ಮೇಲೆ ಉಳಿದವರಿಗೆ ತಡೆದುಕೊಳ್ಳುವ ಅಗತ್ಯ ಇರಲಿಲ್ಲ. ಪೊರ್ಬುಗಳು ಕುರ್ಚಿಯ ಕೈ ಹಿಡಿದುಕೊಂಡರು. ಸುಹರಮ್ಮ ಸೊಸೆಯನ್ನು ಬೈಯಲು ಬಾಯಿ ತೆರೆದು, ಬೈಗುಳದ ಬದಲು ನಗುವೇ ಬಂದು ಕೂತುಬಿಟ್ಟರು. ಹತ್ತು ನಿಮಿಷದಲ್ಲಿ ಕಟ್ಟಿದ ದೇಶದಲ್ಲಿ ಒಂದು ನಿಮಿಷಕ್ಕೆ ಒಬ್ಬ ಪ್ರಜೆಯೂ ಉಳಿಯಲಿಲ್ಲ.

ತುಕ್ರ ಮಾತ್ರ ನಗಲಿಲ್ಲ. ಮಂಚದ ಮೇಲೆ ಕೂತೇ ಇದ್ದ. ಅಂಗಿಯಿಲ್ಲದ ಎದೆಯ ಮೇಲೆ ಮಾವಿನ ಹೂಗಳು ಅಂಟಿಕೊಂಡಿದ್ದವು.

"ಮುಫೀದಾ," ಎಂದು ಕೇಳಿದ, "ಹಾಗಂದ್ರೆ ಎಂತ?"

"ಎಲ್ಲಿಗೆ ಹೋಗ್ತಿ ಅಂತ, ತುಕ್ರಣ್ಣ. ಮತ್ತೆ, ನಿನ್ನನ್ನು ನೋಡ್ಬೇಕು ಅಂತ ತುಂಬಾ ಆಸೆಯಿತ್ತು ಅಂತ."

ತುಕ್ರ ನೆಟ್ಟಗೆ ಕೂತ. ಕನಸಿನಲ್ಲಿ ತಾನು ಹೇಳಿದ್ದು ಅದೇ. ಅಕ್ಷರಕ್ಕೆ ಅಕ್ಷರ ಅದೇ. ಅದನ್ನು ಅಲ್ಲಿದ್ದ ಯಾರಿಗೂ ಅವನು ಹೇಳಿರಲಿಲ್ಲ. ಅವನು ಟೀಚರ ಕಡೆ ತಿರುಗಿದ.

"ಟೀಚರ್, ಆ ರೂಲ್ಸ್ ಇನ್ನೊಮ್ಮೆ ಹೇಳಿ. ಮಾತೃಭಾಷೆ ಅಂದ್ರೆ ಎಂತ?"

"ತಾಯಿ ನಿಮ್ಮ ಹತ್ತಿರ ಮಾತಾಡಿದ ಭಾಷೆ."

"ನನ್ನ ತಾಯಿ ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಒಂದೇ ಸಲ ಮಾತಾಡಿದ್ದು. ಈಗ, ಅರ್ಧ ಗಂಟೆ ಮೊದಲು. ನಾನೂ ಮಾತಾಡಿದೆ. ಎಂತ ಮಾತಾಡಿದ್ದು ಅಂತ ಮುಫೀದಾ ಈಗ ಹೇಳಿದಳಲ್ಲ. ಅದೇ." ಅವನು ಟೀಚರ ಫೋನಿನ ಕಡೆ ಬೆರಳು ತೋರಿಸಿದ. "ಅದನ್ನೇ ಹಾಕಿ ಟೀಚರ್."

ನಗು ನಿಂತಿತು. ಯಶ್ಮಿತಾ ಟೀಚರು ಒಮ್ಮೆ ಪುಸ್ತಕ ನೋಡಿದರು, ಒಮ್ಮೆ ತುಕ್ರನ ಮುಖ ನೋಡಿದರು. ವಾದ ಮಾಡಲಿಕ್ಕಿಲ್ಲ ಎಂಬ ನಿಯಮ ಅವರಿಗೆ ನೆನಪಿತ್ತು. ನಿಯಮ ಇಲ್ಲದಿದ್ದರೂ ಆಗ ಅವರಿಂದ ವಾದ ಮಾಡಲು ಆಗುತ್ತಿರಲಿಲ್ಲ. "ಕೊರಿಯನ್" ಎಂದು ಒಂದೊಂದೇ ಅಕ್ಷರ ಒತ್ತಿದರು.

ಕಂಪೌಂಡು ಉಸಿರು ಬಿಟ್ಟಿತು. ನೋಡಿದರೆ ಇದರಲ್ಲಿ ಯಾರಿಗೂ ಸೋಲಿರಲಿಲ್ಲ. ತುಳುವಿಗೆ ಸಿಗದ್ದು ಬ್ಯಾರಿಗೂ ಸಿಕ್ಕಿರಲಿಲ್ಲ, ಬ್ಯಾರಿಗೆ ಸಿಗದ್ದು ಕೊಂಕಣಿಗೂ ಸಿಕ್ಕಿರಲಿಲ್ಲ. ಅಷ್ಟು ದೂರದ ಕೊರಿಯಾದ ಮೇಲೆ ಯಾರಿಗೆ ಏನು ಹಗೆ? "ಬಾ, ಇವತ್ತು ಬಂಗುಡೆ ಉಂಟು," ಎಂದು ಪೊರ್ಬುಗಳು ತುಕ್ರನ ಬೆನ್ನು ತಟ್ಟಿದರು. ಹೇಮಕ್ಕ ನೀರುಪ್ಪಿನಕಾಯಿ ಕಳಿಸುತ್ತೇನೆ ಎಂದರು. ಸುಹರಮ್ಮ ನಾಳೆ ಶುಕ್ರವಾರ, ತುಪ್ಪ ಹಾಕಿ ನೈಚೋರು ಅನ್ನ ಮಾಡುತ್ತೇನೆ ಎಂದರು. ಮೂರು ಬಾಗಿಲೂ ತೆರೆದೇ ಉಳಿದಿದ್ದವು. ತುಕ್ರ ಕಣ್ಣೊರೆಸಿಕೊಂಡು ಮೂವರನ್ನೂ ನೋಡಿ ನಕ್ಕ. ಸಂಜೆ ಡ್ಯೂಟಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಉಂಡು ಮಲಗಿದರೆ ಅವಳು ಇನ್ನೊಮ್ಮೆ ಬಂದರೂ ಬರಬಹುದು.

"ಒಂದು ನಿಮಿಷ," ಎಂದರು ಯಶ್ಮಿತಾ ಟೀಚರು, ಪರದೆಯನ್ನು ಮೇಲಕ್ಕೆ ಸರಿಸಿ. "ಇದರ ಕೆಳಗೆ ಇನ್ನೊಂದು ಉಂಟು. ಮಾತೃಭಾಷೆ ಬಿಟ್ಟು ನಿಮಗೆ ಗೊತ್ತಿರುವ ಬೇರೆ ಭಾಷೆಗಳು. ಎರಡು ಮಾತ್ರ ಹಾಕ್ಲಿಕ್ಕೆ ಆಗುವುದು."

ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದ ಹೇಮಕ್ಕ ಆ ಕಾಲನ್ನು ಕೆಳಗಿಳಿಸಿದರು. ಸುಹರಮ್ಮ ಎತ್ತಿಕೊಂಡಿದ್ದ ಬಕೆಟನ್ನು ಮತ್ತೆ ನೆಲಕ್ಕಿಟ್ಟರು. ಪೊರ್ಬುಗಳು ಒಳಗೆ ಒಯ್ಯುತ್ತಿದ್ದ ಕುರ್ಚಿಯನ್ನು ಅಲ್ಲೇ ಹಾಕಿ ಕೂತರು.

ತುಕ್ರ ಮಂಚದ ಮೇಲೆ ಉರುಳಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಟೀಚರು ಮತ್ತೆ ಪುಸ್ತಕ ಓದಿ ನೋಡಿದರು, ಪುಟದ ಮೇಲೆ ಪುಟ ಓದಿದರು. ಈ ಸಲ ನಿದ್ದೆ ಹತ್ತಿರವೂ ಸುಳಿಯಲಿಲ್ಲ.